ಒಂಬತ್ತು ಲಕ್ಷದ ಕ್ಯಾಚರ್

ಪ್ರೊ ಕಬಡ್ಡಿ ಲೀಗ್‌ನ ಹರಾಜು ಮುಗಿದ ಮರುದಿನ ಪತ್ರಿಕೆಗಳ ತುಂಬ ಕೋಟಿ ದಾಟಿದವರ ಫೋಟೊಗಳೇ ಇರುತ್ತವೆ. 2023ರಲ್ಲಿ ತೆಲುಗು ಟೈಟನ್ಸ್ ತಂಡ ಪವನ್ ಸೆಹ್ರಾವತ್‌ಗೆ 2.60 ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟಿತು, ಪುಣೇರಿ ಪಲ್ಟನ್ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಗೆ 2.35 ಕೋಟಿ ಕೊಟ್ಟಿತು. ಆ ದಿನ ಮಾತಾದದ್ದು ಅಷ್ಟೇ. ಅದೇ ಹರಾಜಿನ ಪಟ್ಟಿಯ ಕೆಳತುದಿಯಲ್ಲಿ ಡಿ ವರ್ಗದವರ ಹೆಸರುಗಳಿದ್ದವು. ಅವರ ಮೂಲಬೆಲೆ 9 ಲಕ್ಷ. ಅವರಲ್ಲಿ ಕೆಲವರಿಗೆ ಎತ್ತರ ಕಡಿಮೆ, ತೂಕ ಇನ್ನೂ ಕಡಿಮೆ, ಆಡುವ ಏಳು ಜನರಲ್ಲಿ ಜಾಗ ಸಿಗುವ ಖಾತ್ರಿಯಿಲ್ಲ. ಮೊದಲ ಆಯ್ಕೆಯ ಡಿಫೆಂಡರ್‌ಗೆ ಪೆಟ್ಟಾದರೆ ಇರಲಿ ಎಂದು ತೆಗೆದುಕೊಂಡ ಹುಡುಗರು. ಅಂಥವನೊಬ್ಬನನ್ನು ತಂಡ ಕೊಂಡರೆ ಅಭಿಮಾನಿಗಳು ಅದನ್ನು ಜಾಗ ತುಂಬಿಸಿದ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತಾರೆ. ನನ್ನ ಮಟ್ಟಿಗೆ ತಂಡದ ಆಡಳಿತ ಎಷ್ಟು ತಿಳಿದು ಖರ್ಚು ಮಾಡುತ್ತಿದೆ ಎಂಬುದು ಗೊತ್ತಾಗುವುದೇ ಈ ಖರೀದಿಯಲ್ಲಿ. ಗಿಡ್ಡ ಡಿಫೆಂಡರ್‌ನನ್ನು ಕಡಿಮೆ ಬೆಲೆಗೆ ಕೊಳ್ಳುವುದು ಔದಾರ್ಯವೂ ಅಲ್ಲ, ಜಿಪುಣತನವೂ ಅಲ್ಲ. ಆಟ ಬಲ್ಲವರ ಲೆಕ್ಕಾಚಾರ. ಅದನ್ನು ಈ ಲೀಗಿನ ಫಲಿತಾಂಶಗಳಿಂದಲೇ ತೋರಿಸಬಹುದು.

ಮೊದಲು ದುಡ್ಡಿನ ಲೆಕ್ಕ ನೋಡೋಣ. ಒಂದು ತಂಡ ಆಟಗಾರರ ಮೇಲೆ ಖರ್ಚು ಮಾಡಬಹುದಾದ ಮಿತಿ 5 ಕೋಟಿ ರೂಪಾಯಿ. ಕನಿಷ್ಠ 18 ಆಟಗಾರರು ಇರಲೇಬೇಕು, 25ರವರೆಗೂ ಹೋಗಬಹುದು. ಒಬ್ಬನಿಗೇ 2.60 ಕೋಟಿ ಸುರಿದರೆ ಉಳಿದ ಹದಿನೇಳು ಮಂದಿಗೆ ಸಿಗುವುದು 2.40 ಕೋಟಿ. ಹಂಚಿ ನೋಡಿ: ತಲೆಗೆ ಸುಮಾರು 14 ಲಕ್ಷ. ಸಿ ವರ್ಗದ ಮೂಲಬೆಲೆಯೇ 13 ಲಕ್ಷ. ಅಂದರೆ ದೊಡ್ಡ ಹೆಸರು ಬೇಕೆಂದ ತಂಡ ಉಳಿದ ತಂಡವನ್ನೆಲ್ಲ ಮೂಲಬೆಲೆಯವರಿಂದಲೇ ಕಟ್ಟಬೇಕು, ಬೇರೆ ದಾರಿ ಇಲ್ಲ. ಹಾಗಾದಾಗ 9 ಲಕ್ಷದವನನ್ನು ಕಣ್ಣುಮುಚ್ಚಿ ಆರಿಸುವ ತಂಡಕ್ಕೂ, ಜಿಲ್ಲೆ ಜಿಲ್ಲೆ ಸುತ್ತಿ ಆಟ ನೋಡಿ ಆರಿಸುವ ತಂಡಕ್ಕೂ ಇರುವ ಅಂತರ ಅಂಕಪಟ್ಟಿಯಲ್ಲಿ ಕಂಡೇ ಕಾಣುತ್ತದೆ. ಅಂದಹಾಗೆ 2014ರಲ್ಲಿ ಲೀಗ್ ಶುರುವಾದಾಗ ಅತಿ ಹೆಚ್ಚು ಬೆಲೆಗೆ ಹೋದವರು ಭಾರತ ತಂಡದ ನಾಯಕರಾಗಿದ್ದ ರಾಕೇಶ್ ಕುಮಾರ್. ಅವರಿಗೆ ಪಟ್ನಾ ಪೈರೇಟ್ಸ್ ಕೊಟ್ಟದ್ದು 12.80 ಲಕ್ಷ. ಅಂದಿನ ಅತ್ಯುಚ್ಚ ಬೆಲೆಗಿಂತ ಇಂದಿನ ಸಿ ವರ್ಗದ ಮೂಲಬೆಲೆ ತುಸು ಮೇಲಿದೆ. ಬೆಲೆ ಎಂಬುದು ಆ ಹೊತ್ತಿನ ಮಾರುಕಟ್ಟೆಯ ಮಾತು. ಹುಡುಗನ ಆಟವನ್ನು ಅದರಿಂದ ಅಳೆಯಲು ಬರುವುದಿಲ್ಲ.

ಟೈಟನ್ಸ್ ಕಥೆ ಎಲ್ಲರಿಗೂ ನೆನಪಿರಬೇಕು. ಅಷ್ಟು ಕೊಟ್ಟು ಕೊಂಡ ಪವನ್ ಆ ಋತುವಿನಲ್ಲಿ ಬೇಕಾದಷ್ಟು ರೇಡ್ ಪಾಯಿಂಟ್ ತಂದರು. ತಂಡ ಮಾತ್ರ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಕೊನೆಯ ಸ್ಥಾನಕ್ಕಿಳಿಯಿತು. ಅದಕ್ಕೂ ಒಂದು ವರ್ಷ ಹಿಂದೆ, 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇದಕ್ಕೆ ತದ್ವಿರುದ್ಧವಾದ ಕಥೆ ಶುರುವಾಯಿತು. ತಮಿಳ್ ತಲೈವಾಸ್ 2.26 ಕೋಟಿಗೆ ಇದೇ ಪವನ್ ಅವರನ್ನು ಕೊಂಡಿತ್ತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಅವರು ಇಡೀ ಋತುವಿನಿಂದ ಹೊರಗುಳಿದರು. ತಂಡದ ಕಥೆ ಮುಗಿಯಿತು ಎಂದೇ ಎಲ್ಲರೂ ಅಂದರು. 2017ರಿಂದ ಆಡುತ್ತಿದ್ದರೂ ಒಮ್ಮೆಯೂ ಪ್ಲೇ ಆಫ್ ಮುಖ ಕಾಣದಿದ್ದ ಆ ತಂಡ ಅದೇ ವರ್ಷ ಸೆಮಿಫೈನಲ್ ತಲುಪಿತು, ಅಲ್ಲೂ ಪುಣೇರಿ ಪಲ್ಟನ್‌ಗೆ ಎರಡೇ ಅಂಕಗಳಿಂದ ಸೋತಿತು. ನರೇಂದರ್ ಎಂಬ ಹೊಸ ರೇಡರ್ ಹಾಗೂ ಸಾಗರ್ ರಾಠಿ, ಸಾಹಿಲ್ ಗುಲಿಯಾ, ಅಭಿಷೇಕ್‌ರಂಥ ಹುಡುಗರ ಡಿಫೆನ್ಸ್ ತಂಡವನ್ನು ಅಲ್ಲಿಯವರೆಗೆ ಹೊತ್ತೊಯ್ದಿತು. ಇನ್ನೊಂದು ಉದಾಹರಣೆ ನಮ್ಮವರದೇ. 2019ರಲ್ಲಿ ಬೆಂಗಾಲ್ ವಾರಿಯರ್ಸ್ ಫೈನಲ್ ಆಡುವಾಗ ನಾಯಕ ಮಣಿಂದರ್ ಸಿಂಗ್ ಗಾಯಗೊಂಡು ಹೊರಗಿದ್ದರು. ಆದರೂ ದಬಾಂಗ್ ಡೆಲ್ಲಿಯನ್ನು 39-34ರಿಂದ ಮಣಿಸಿ ಕಪ್ ಎತ್ತಿತು. ಆ ತಂಡದ ಕೋಚ್ ಕರ್ನಾಟಕದ ಬಿ.ಸಿ. ರಮೇಶ್, ತಂಡದಲ್ಲಿದ್ದ ಸುಕೇಶ್ ಹೆಗ್ಡೆ ನಮ್ಮ ಕರಾವಳಿಯವರು. ತಿಂಗಳುಗಟ್ಟಲೆ ನಡೆಯುವ ಲೀಗಿನಲ್ಲಿ ಯಾರಿಗಾದರೂ ಪೆಟ್ಟಾಗುವುದು ಖಚಿತ; ಯಾರಿಗೆ, ಯಾವಾಗ ಎಂಬುದಷ್ಟೇ ಗೊತ್ತಿರುವುದಿಲ್ಲ. ಹತ್ತನೆಯ, ಹನ್ನೊಂದನೆಯ ಆಟಗಾರ ಎಂಥವನು ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಂಡ ತಂಡ ಅಂಥ ಹೊತ್ತಿನಲ್ಲಿ ತಡಕಾಡುವುದಿಲ್ಲ.

ಇಷ್ಟೂ ಹೇಳಿದ್ದು ಅಗ್ಗದ ಆಟಗಾರನ ಪರವಾಗಿ. ಗಿಡ್ಡ ಆಟಗಾರನ ಪರವಾಗಿ ಹೇಳಬೇಕಾದರೆ ಆಟದ ಒಳಗೆ ಇಳಿಯಬೇಕು. ಏಳು ಜನರ ಸಾಲಿನಲ್ಲಿ ಎರಡು ತುದಿಗೆ ಎಡ, ಬಲ ಕಾರ್ನರ್. ನಡುವಿನ ಎರಡು ಬದಿಗೆ ಕವರ್. ಇವರ ಕೆಲಸ ಒಂದೇ ಅಲ್ಲ. ಕಾರ್ನರ್‌ನವನು ಬಗ್ಗಿ ಕಾಲು ಹಿಡಿಯಬೇಕು. ಆಂಕಲ್ ಹೋಲ್ಡ್, ಥೈ ಹೋಲ್ಡ್ ಅವನ ಆಯುಧ. ಕವರ್‌ನವನು ಓಡಿಬಂದು ಡ್ಯಾಶ್ ಕೊಟ್ಟು ರೇಡರ್‌ನನ್ನು ಅಂಗಣದ ಹೊರಗೆ ತಳ್ಳಬೇಕು, ಇಲ್ಲವೇ ಮಧ್ಯದ ಗೆರೆಗೆ ಹೋಗುವ ದಾರಿ ಅಡ್ಡಗಟ್ಟಬೇಕು, ಪಕ್ಕದವನ ಕೈ ಹಿಡಿದು ಚೈನ್ ಕಟ್ಟಬೇಕು. ಡ್ಯಾಶ್‌ಗೆ ತೂಕ ಬೇಕು, ಅದರಲ್ಲಿ ವಾದವಿಲ್ಲ. ಕಾಲು ಹಿಡಿಯುವ ಕೆಲಸದಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಅಂಗಣದಲ್ಲಿ ಆರು ಅಥವಾ ಏಳು ಜನರಿದ್ದಾಗ ಬೋನಸ್ ಪಾಯಿಂಟ್ ಬೇಕಾದ ರೇಡರ್ ಬೋನಸ್ ಗೆರೆಯಾಚೆ ಒಂದು ಪಾದ ಊರಿ ಇನ್ನೊಂದು ಪಾದ ಎತ್ತಬೇಕು. ಆ ಗಳಿಗೆಯಲ್ಲಿ ಅವನ ಇಡೀ ಮೈಭಾರ ಒಂದೇ ಕಾಲಿನ ಮೇಲೆ ನಿಂತಿರುತ್ತದೆ. ಆಗ ಆ ಕಾಲಿನ ಗೆಣ್ಣಿಗೆ ಮೊದಲು ತಲುಪುವವನೇ ಗೆದ್ದವನು. ಆರಡಿ ಎತ್ತರದವನ ಎದೆ ನೆಲದ ಮಟ್ಟಕ್ಕೆ ಇಳಿಯಬೇಕಾದ ದೂರಕ್ಕಿಂತ ಐದಡಿ ಆರಂಗುಲದವನದು ಕಡಿಮೆ. ಗಿಡ್ಡನ ಸೊಂಟ ನಿಂತಲ್ಲೇ ನೆಲಕ್ಕೆ ಹತ್ತಿರ. ಹಿಡಿದ ಮೇಲೆ ರೇಡರ್ ಜಗ್ಗಿದರೂ ಅವನು ಬೇಗ ಮುಗ್ಗರಿಸುವುದಿಲ್ಲ. ಪರದೀಪ್ ನರ್ವಾಲ್‌ರ ಡುಬ್ಕಿಯನ್ನು ನೋಡಿದವರಿಗೆ ಇದು ಇನ್ನೊಂದು ಬದಿಯಿಂದ ಅರ್ಥವಾಗುತ್ತದೆ. ಚೈನ್ ಕಟ್ಟಿದ ಇಬ್ಬರ ಕೈಗಳ ಅಡಿಯಿಂದ ತೂರಿ ಹೋಗುವ ಆ ತಂತ್ರಕ್ಕೆ ಎತ್ತರದವರ ಚೈನೇ ಬಾಗಿಲು ತೆರೆಯುತ್ತದೆ. ಕೈಗಳು ಮೊದಲೇ ಕೆಳಗಿದ್ದರೆ ತೂರುವ ಜಾಗ ಚಿಕ್ಕದಾಗುತ್ತದೆ.

ಕಬಡ್ಡಿಯಲ್ಲಿ ದೇಹಗಾತ್ರಕ್ಕೆ ನಿಯಮವೇ ಒಂದು ಮೇಲ್ಮಿತಿ ಹಾಕಿದೆ ಎಂಬುದನ್ನೂ ಮರೆಯಬಾರದು. ಹಿರಿಯ ಪುರುಷರ ಆಟದಲ್ಲಿ 85 ಕೆ.ಜಿ. ದಾಟುವಂತಿಲ್ಲ. ಐಸ್ ಹಾಕಿಯಲ್ಲಾಗಲಿ, ರಗ್ಬಿಯಲ್ಲಾಗಲಿ ಇಂಥ ಮಿತಿ ಇಲ್ಲ. ಅಲ್ಲಿ ನೂರು ಕೆ.ಜಿ.ಯವನೆದುರು ಎಂಬತ್ತರವನು ಬಡಕಲಾಗಿ ಕಾಣುತ್ತಾನೆ, ಅವನನ್ನು ಕೊಳ್ಳಲು ತಂಡಗಳು ಹಿಂದೆಮುಂದೆ ನೋಡುತ್ತವೆ. ನಮ್ಮಲ್ಲಿ ಎದುರಾಳಿ ಎಷ್ಟೇ ದೊಡ್ಡವನಾದರೂ 85ಕ್ಕೆ ನಿಲ್ಲುತ್ತಾನೆ. 66 ಕೆ.ಜಿ.ಯ ಕಾರ್ನರ್ ಆಟಗಾರನಿಗೆ ಅದು 19 ಕೆ.ಜಿ. ಹೆಚ್ಚು, ನಿಜ. ಹಾಗಂತ ಅವನು ಆ ರೇಡರ್‌ನನ್ನು ಒಬ್ಬನೇ ನೆಲಕ್ಕೆ ಕೆಡವಬೇಕಿಲ್ಲ. ಅವನು ಮಾಡಬೇಕಾದ್ದು ಅರ್ಧ ಸೆಕೆಂಡು ಕಾಲು ಬಿಡದಿರುವುದು. ಅಷ್ಟರಲ್ಲಿ ಕವರ್‌ನವನು ಮೇಲೆ ಬೀಳುತ್ತಾನೆ, ಇನ್ನೊಬ್ಬ ದಾರಿ ಕಟ್ಟುತ್ತಾನೆ. ಹಾವೇರಿ ಸೀಮೆಯ ಹೋರಿ ಹಬ್ಬದಲ್ಲಿ ನುಗ್ಗಿ ಬರುವ ಹೋರಿಯ ಕೊರಳಿನ ಕೊಬ್ಬರಿ ಕೀಳುವವನು ಯಾರೆಂದು ನೋಡಿ. ಹೋರಿಯ ತೂಕಕ್ಕೆ ಸರಿಸಾಟಿಯಾದ ಮನುಷ್ಯ ಹುಟ್ಟಿಯೇ ಇಲ್ಲ. ಅದು ಓರೆಯಾಗುವ ಗಳಿಗೆ ಗೊತ್ತಿದ್ದವನ ಕೈಗೆ ಕೊಬ್ಬರಿ ಸಿಗುತ್ತದೆ.

ಇನ್ನೊಂದು ವಿಷಯವಿದೆ, ಟಿ.ವಿ. ಪರದೆಯ ಅಂಕಿಅಂಶದಲ್ಲಿ ಅದು ಬರುವುದೇ ಇಲ್ಲ. ನನ್ನ ಲೆಕ್ಕದಲ್ಲಿ ಇಡೀ ವಾದದ ತಿರುಳು ಇದೇ. ಡಿಫೆಂಡರ್‌ನ ಹೆಸರಿನೆದುರು ಟ್ಯಾಕಲ್ ಪಾಯಿಂಟ್‌ಗಳನ್ನು ಬರೆಯುತ್ತಾರೆ. ಅವನು ದುಡುಕದೆ ಬಿಟ್ಟ ಟ್ಯಾಕಲ್‌ಗಳನ್ನು ಯಾರೂ ಬರೆಯುವುದಿಲ್ಲ. ಕಬಡ್ಡಿಯಲ್ಲಿ ತಪ್ಪಿದ ಟ್ಯಾಕಲ್‌ನ ಬೆಲೆ ದುಬಾರಿ: ಎದುರಾಳಿಗೆ ಪಾಯಿಂಟ್ ಹೋಗುತ್ತದೆ, ತಾನೂ ಹೊರಗೆ ಕೂರಬೇಕಾಗುತ್ತದೆ, ಸಾಲು ತೆಳುವಾಗುತ್ತದೆ, ಮುಂದಿನ ರೇಡ್‌ಗೆ ಜಾಗ ಇನ್ನಷ್ಟು ತೆರೆದುಕೊಳ್ಳುತ್ತದೆ. ಹೀಗೆ ಮೇಲಿಂದ ಮೇಲೆ ಆದರೆ ಆಲೌಟ್ ಆಗಿ ಇನ್ನೆರಡು ಪಾಯಿಂಟ್ ಹೋಗುತ್ತವೆ. ಅದೇ ತಾಳ್ಮೆಯಿಂದ ನಿಂತರೆ? 30 ಸೆಕೆಂಡು ಮುಗಿದು ರೇಡರ್ ಬರಿಗೈಲಿ ವಾಪಸಾಗುತ್ತಾನೆ. ಸತತ ಎರಡು ರೇಡ್ ಹೀಗೆ ಖಾಲಿ ಹೋದರೆ ಮೂರನೆಯದು ಡೂ ಆರ್ ಡೈ. ಪಾಯಿಂಟ್ ತರದಿದ್ದರೆ ರೇಡರ್ ತಾನೇ ಔಟ್. ಆಗ ಅವನು ಬಂದೇ ಬರಬೇಕು, ಆಳಕ್ಕೆ ಇಳಿಯಲೇಬೇಕು, ಹಿಡಿಯುವವರಿಗೆ ಅದು ಹಬ್ಬ. ಆ ಮೂರನೆಯ ರೇಡ್‌ನಲ್ಲಿ ಟ್ಯಾಕಲ್ ಮಾಡಿದವನಿಗೆ ಚಪ್ಪಾಳೆ ಬೀಳುತ್ತದೆ. ಮೊದಲೆರಡು ರೇಡ್‌ಗಳಲ್ಲಿ ಕೈ ಚಾಚದೆ ಜಾಗ ಕಾಯ್ದವನನ್ನು ಯಾರೂ ಗಮನಿಸಿರುವುದಿಲ್ಲ. ಮೈಬಲವನ್ನೇ ನಂಬಿ ಬೆಳೆದವನಿಗೆ ಈ ತಾಳ್ಮೆ ಕಲಿಸಲು ಕೋಚ್ ಹೆಣಗಬೇಕಾಗುತ್ತದೆ. ಮೈಬಲ ಇಲ್ಲದೆ ಬೆಳೆದವನಿಗೆ ಅದು ಎಳವೆಯಲ್ಲೇ ಬಂದಿರುತ್ತದೆ. ಬರದಿದ್ದರೆ ಅವನು ತಾಲ್ಲೂಕು ತಂಡದಲ್ಲೇ ಉಳಿಯುತ್ತಿರಲಿಲ್ಲ. ರಾಜ್ಯ ಮಟ್ಟದವರೆಗೆ ಆಡಿ ಬಂದ ಗಿಡ್ಡ ಡಿಫೆಂಡರ್ ಎಂದರೆ ಈ ಜರಡಿ ದಾಟಿ ಬಂದವನು ಎಂದೇ ಅರ್ಥ.

ಆಕ್ಷೇಪಗಳಿವೆ, ಅವೂ ಹಗುರವಾದವಲ್ಲ. ಮೊದಲನೆಯದು ಇರಾನಿನದು. 2018ರ ಜಕಾರ್ತಾ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಇರಾನ್ ಭಾರತವನ್ನು 27-18ರಿಂದ ಸೋಲಿಸಿದಾಗ ಎಲ್ಲರ ಬಾಯಲ್ಲೂ ಅವರ ಡಿಫೆಂಡರ್‌ಗಳ ಮೈಕಟ್ಟಿನದೇ ಮಾತು. ಆಮೇಲೆ ಶಾದ್ಲೂಯಿ ಬಂದರು. ಎತ್ತರ, ಬಲ, ವೇಗ ಮೂರೂ ಒಬ್ಬನಲ್ಲೇ. ಅವರಿದ್ದ ಪುಣೇರಿ ಪಲ್ಟನ್ ಹತ್ತನೆಯ ಋತುವಿನಲ್ಲೂ, ಹರಿಯಾಣ ಸ್ಟೀಲರ್ಸ್ ಹನ್ನೊಂದನೆಯದರಲ್ಲೂ ಕಪ್ ಗೆದ್ದವು. ದೊಡ್ಡ ಡಿಫೆಂಡರ್ ಬೇಕು ಎನ್ನುವವರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ, ನಾನೂ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸಾಕ್ಷಿಯನ್ನು ಪೂರ್ತಿ ಓದಬೇಕು. 2025ರ ಹನ್ನೆರಡನೆಯ ಋತುವಿಗೆ ಗುಜರಾತ್ ಜೈಂಟ್ಸ್ ಅದೇ ಶಾದ್ಲೂಯಿಯನ್ನು 2.23 ಕೋಟಿಗೆ ಕೊಂಡಿತು. ಆಟಗಾರ ಅವನೇ, ಮೈಕಟ್ಟು ಅದೇ; ತಂಡ ಮೊದಲ ಎಂಟರೊಳಗೂ ಬರಲಿಲ್ಲ. ಪುಣೆಯಲ್ಲಿ ಅವರ ಪಕ್ಕ ಗೌರವ್ ಖತ್ರಿ, ಅಭಿನೇಶ್ ನಡರಾಜನ್, ಸಂಕೇತ್ ಸಾವಂತ್‌ರಂಥ ಹುಡುಗರು ಒಟ್ಟಿಗೆ ಪಳಗಿದ್ದರು. ಹರಿಯಾಣದಲ್ಲಿ ಜೈದೀಪ್, ರಾಹುಲ್ ಸೇಠ್‌ಪಾಲ್ ಮೊದಲೇ ಒಂದು ಸಾಲಾಗಿ ನಿಂತಿದ್ದರು. ಇನ್ನು 2018ರ ಜಕಾರ್ತಾದಲ್ಲೇ, ಇರಾನಿಗಿಂತ ಮೊದಲು, ಗುಂಪು ಹಂತದಲ್ಲಿ ದಕ್ಷಿಣ ಕೊರಿಯಾ ಭಾರತವನ್ನು 24-23ರಿಂದ ಸೋಲಿಸಿತ್ತು. ಆ ಸೋಲಿಗೆ ಯಾರೂ ಮೈಕಟ್ಟಿನ ಕಾರಣ ಕೊಟ್ಟದ್ದಿಲ್ಲ.

ಎರಡನೆಯ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ಅಂಗಣದಲ್ಲಿ ಮೂವರೇ ಉಳಿದಾಗ ಚೈನ್ ಎಂಬುದು ಹೆಸರಿಗಷ್ಟೇ. ಆಗ ಒಬ್ಬೊಬ್ಬನೇ ರೇಡರ್‌ನನ್ನು ತಡೆಯಬೇಕಾಗಿ ಬರುತ್ತದೆ, ಹಿಡಿದರೆ ಸೂಪರ್ ಟ್ಯಾಕಲ್ ಎಂದು ಒಂದು ಪಾಯಿಂಟ್ ಹೆಚ್ಚು ಸಿಗುತ್ತದೆ. ಅಂಥ ಹೊತ್ತಿನಲ್ಲಿ 66 ಕೆ.ಜಿ.ಯವನ ಮೇಲೆ 82ರ ರೇಡರ್ ಮೈಚೆಲ್ಲಿದರೆ ಗೆರೆ ಮುಟ್ಟುವುದು ರೇಡರ್‌ನ ಕೈಯೇ. ಹಾಗೆಯೇ ಗಿಡ್ಡನ ಕೈ ಉದ್ದ ಕಡಿಮೆ, ಪವನ್‌ರಂತೆ ತಲೆಯ ಮೇಲಿನಿಂದ ಜಿಗಿಯುವವರೆದುರು ಅವನಿಗೆ ಉಪಾಯ ಕಡಿಮೆ. ಹಾಗಾಗಿ ಅವನನ್ನು ಕವರ್‌ನಲ್ಲಿ ನಿಲ್ಲಿಸಿ ಡ್ಯಾಶ್ ಕೊಡು ಎಂದರೆ ತಪ್ಪು ಕೋಚ್‌ನದು. ನನ್ನ ವಾದ ಗಿಡ್ಡ ಆಟಗಾರ ಎಲ್ಲಿ ನಿಂತರೂ ನಡೆಯುತ್ತದೆ ಎಂದಲ್ಲ. ಅವನಿಗೊಂದು ಜಾಗವಿದೆ, ಆ ಜಾಗಕ್ಕೆ 9 ಲಕ್ಷಕ್ಕೆ ಸಿಗುವವರಲ್ಲಿ ಅವನೇ ಉತ್ತಮ. ಅದೇ ಬೆಲೆಗೆ ಸಿಗುವ ಎತ್ತರದ ಆಟಗಾರನಲ್ಲಿ ಬೇರೇನೋ ಕೊರತೆ ಇದ್ದೇ ಇರುತ್ತದೆ: ಕಾಲಿನ ಚುರುಕಿರಬಹುದು, ಆಟ ಓದುವ ಕಣ್ಣಿರಬಹುದು. ಎತ್ತರವೂ ಇದ್ದು ಅದೆಲ್ಲವೂ ಇದ್ದರೆ ಅವನ ಬೆಲೆ 50 ಲಕ್ಷ ದಾಟಿರುತ್ತಿತ್ತು. ಗಿಡ್ಡನ ಕೊರತೆ ಎಲ್ಲರ ಕಣ್ಣಿಗೂ ಕಾಣುವಂಥದ್ದು. ಕಾಣುವ ಕೊರತೆಗೆ ಮಾರುಕಟ್ಟೆ ಬೆಲೆಯನ್ನು ಅಗತ್ಯಕ್ಕಿಂತ ಹೆಚ್ಚು ಇಳಿಸುತ್ತದೆ. ಚಾಣಾಕ್ಷ ತಂಡಕ್ಕೆ ಲಾಭವಾಗುವುದು ಆ ಹೆಚ್ಚಿನ ಇಳಿಕೆಯಲ್ಲೇ.

ಮೂರನೆಯದು ನ್ಯಾಯದ ಪ್ರಶ್ನೆ. ಹೀಗೆ ಅಗ್ಗಕ್ಕೆ ಕೊಳ್ಳುವುದನ್ನು ಹೊಗಳಿದರೆ ಬಡವರ ಮನೆಯ ಹುಡುಗರ ದುಡಿಮೆಯನ್ನು ಕಡಿಮೆ ಬೆಲೆಗೆ ದೋಚಿದಂತಾಗದೆ? ಈ ಮಾತನ್ನು ನಾನು ತಳ್ಳಿಹಾಕಲಾರೆ. ಕಬಡ್ಡಿ ಆಟಗಾರನ ಆಯುಷ್ಯ ಚಿಕ್ಕದು, ಅದರಲ್ಲೂ ಕಾಲು ಹಿಡಿಯುವವನ ಭುಜ, ಬೆರಳು, ಮೊಣಕಾಲು ಮೊದಲು ಸವೆಯುತ್ತವೆ. ರೈಲ್ವೆ, ಪೊಲೀಸ್, ಸೇನೆಯಲ್ಲಿ ಕ್ರೀಡಾ ಕೋಟಾದ ನೌಕರಿ ಸಿಕ್ಕವನಿಗೆ ಆಸರೆ ಇದೆ. ಸಿಗದವನು ಒಂದು ಪೆಟ್ಟಿಗೆ ಮನೆಗೆ ಮರಳುತ್ತಾನೆ. ಆದ್ದರಿಂದ ಅಗ್ಗದ ಒಪ್ಪಂದಕ್ಕೆ ನನ್ನ ಸಮ್ಮತಿ ಷರತ್ತಿನದು. ಗಾಯವಾದರೆ ಪೂರ್ಣ ಗುಣವಾಗುವವರೆಗೆ ಚಿಕಿತ್ಸೆ ತಂಡದ ಹೊಣೆಯಾಗಬೇಕು, ಲೀಗ್ ಮುಗಿದ ಮೇಲೂ. ಆಡದ ಪಂದ್ಯಗಳಿಗೂ ಪೂರ್ತಿ ಹಣ ಸಂದಾಯವಾಗಬೇಕು. ನಿರ್ದಿಷ್ಟ ಸಂಖ್ಯೆಯ ಪಂದ್ಯ ಆಡಿದವನಿಗೆ ಮುಂದಿನ ಋತುವಿನಲ್ಲಿ ಬೆಲೆ ತಾನಾಗಿಯೇ ಏರಬೇಕು. ಇವಿಷ್ಟಕ್ಕೆ ತಗಲುವ ಖರ್ಚು ಒಬ್ಬ ಕೋಟ್ಯಧಿಪತಿ ಆಟಗಾರನ ಮೇಲೆ ಹರಾಜಿನ ಭರದಲ್ಲಿ ಏರಿಸುವ ಕೊನೆಯ ಎರಡು ಕೂಗಿನಷ್ಟೂ ಆಗುವುದಿಲ್ಲ. ಈ ಹುಡುಗರನ್ನು ಕೊಳ್ಳದೆ ಬಿಡುವುದು ನ್ಯಾಯವಾಗಲಾರದು. ಬಿಟ್ಟರೆ 9 ಲಕ್ಷವೂ ಇಲ್ಲ, ಆಟವೂ ಇಲ್ಲ.

ನಮ್ಮ ಕಡೆಗೆ ಬಂದರೆ ಈ ವಾದಕ್ಕೆ ಇನ್ನೊಂದು ಅರ್ಥ ಬರುತ್ತದೆ. ಗುತ್ತಲ, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ಹಳ್ಳಿಗಳಲ್ಲಿ ಜಾತ್ರೆ, ಹಬ್ಬಗಳಿಗೆ ಕಬಡ್ಡಿ ಪಂದ್ಯ ಇಡುವಾಗ ತೂಕದ ವಿಭಾಗ ಮಾಡುವ ವಾಡಿಕೆ ಕರ್ನಾಟಕದ ಬೇರೆಡೆಯಂತೆ ಇಲ್ಲೂ ಇದೆ: 55 ಕೆ.ಜಿ., 60 ಕೆ.ಜಿ., 65 ಕೆ.ಜಿ. ಕೊನೆಗೆ ಉತ್ತಮ ರೇಡರ್, ಉತ್ತಮ ಕ್ಯಾಚರ್ ಎಂದು ಒಂದೊಂದು ಬಹುಮಾನ. ಈ ವಿಭಾಗಗಳಲ್ಲಿ ಆಡಿ ಬೆಳೆದ ಹುಡುಗರು ಮಣ್ಣಿನ ಅಂಗಣದಲ್ಲಿ ತಮ್ಮದೇ ತೂಕದವರನ್ನು ಹಿಡಿದು ಹಿಡಿದು ತಂತ್ರವನ್ನೇ ನೆಚ್ಚಿಕೊಂಡವರು, ಏಕೆಂದರೆ ತೂಕದಿಂದ ಗೆಲ್ಲುವ ಅವಕಾಶವೇ ಅಲ್ಲಿಲ್ಲ. ನಾನು ಮೇಲೆ ವರ್ಣಿಸಿದ ಕಾರ್ನರ್ ಆಟಗಾರ ತಯಾರಾಗುವ ಜಾಗ ಇಂಥದ್ದೇ. ಆದರೆ ಕರ್ನಾಟಕದಿಂದ ಲೀಗಿನಲ್ಲಿ ಹೆಸರು ಮಾಡಿದವರನ್ನು ನೆನೆದರೆ ಸುಕೇಶ್ ಹೆಗ್ಡೆ, ಪ್ರಶಾಂತ್ ಕುಮಾರ್ ರೈ, ಈಚಿನ ಗಗನ್ ಗೌಡ, ಎಲ್ಲರೂ ರೇಡರ್‌ಗಳೇ. ರೇಡರ್ ಒಬ್ಬನೇ ಎದ್ದು ಕಾಣುತ್ತಾನೆ. ಒಂದು ಪಂದ್ಯ ನೋಡಿದರೆ ಸಾಕು, ಆಯ್ಕೆಗಾರರ ಕಣ್ಣಿಗೆ ಬೀಳುತ್ತಾನೆ. ಡಿಫೆಂಡರ್‌ನ ಗುಣ ತಿಳಿಯಲು ಹತ್ತು ಪಂದ್ಯ ನೋಡಬೇಕು, ಅವನು ಹಿಡಿಯದೆ ಬಿಟ್ಟ ರೇಡ್‌ಗಳನ್ನೂ ಎಣಿಸಬೇಕು. ಒಂದು ದಿನದ ಆಯ್ಕೆ ಶಿಬಿರದಲ್ಲಿ ಸಾಲಾಗಿ ನಿಲ್ಲಿಸಿ ಎತ್ತರ ಅಳೆದು, ತೂಕ ನೋಡಿ, ಎರಡು ರೇಡ್ ಹಾಕಿಸಿದರೆ ಮೊದಲು ಮನೆಗೆ ಹೋಗುವವನು ಈ ಹುಡುಗನೇ.

ಬೆಂಗಳೂರು ಬುಲ್ಸ್ ತಂಡದ ಅನುಭವ ಇಲ್ಲಿ ಕೆಲಸಕ್ಕೆ ಬರುತ್ತದೆ. 2019ರ ಜನವರಿಯಲ್ಲಿ ಗುಜರಾತ್ ವಿರುದ್ಧ 38-33ರಿಂದ ಗೆದ್ದು ಕಪ್ ತಂದಾಗ ಪವನ್ ಒಬ್ಬರೇ 22 ಪಾಯಿಂಟ್ ತಂದದ್ದು ಎಲ್ಲರಿಗೂ ನೆನಪು. ಆ ಗೆಲುವು ತಂಡಕ್ಕೆ ದೊಡ್ಡ ರೇಡರ್‌ನನ್ನು ಹುಡುಕುವ ಅಭ್ಯಾಸ ಹಚ್ಚಿತು. 2024ರಲ್ಲಿ ಪರದೀಪ್ ನರ್ವಾಲ್ ಅವರನ್ನು 70 ಲಕ್ಷಕ್ಕೆ, ಅಜಿಂಕ್ಯ ಪವಾರ್ ಅವರನ್ನು ಕೋಟಿಗೂ ಮೇಲೆ ಕೊಟ್ಟು ತಂದಿತು. 22 ಪಂದ್ಯಗಳಲ್ಲಿ ಎರಡೇ ಗೆಲುವು, ಕೊನೆಯ ಸ್ಥಾನ. ಮರುವರ್ಷ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು. ಆ ಹರಾಜಿನಲ್ಲಿ ತಂಡ ಹೆಚ್ಚು ಹಣ ಹೂಡಿದ್ದು ಯೋಗೇಶ್ ದಹಿಯಾ, ಅಂಕುಶ್ ರಾಠಿ ಎಂಬ ಇಬ್ಬರು ಡಿಫೆಂಡರ್‌ಗಳ ಮೇಲೆ. ಉಳಿದವರಲ್ಲಿ ಹೆಚ್ಚಿನವರು ಹೊಸಬರು. ತಂಡ ಪ್ಲೇ ಆಫ್‌ಗೆ ಬಂತು. ಮಣಿಂದರ್ ಇಲ್ಲದೆಯೇ ಫೈನಲ್ ಗೆದ್ದ ಕೋಚ್‌ಗೆ ಸಾಲಿನ ಕೊನೆಯ ಹುಡುಗನ ಬೆಲೆ ತಿಳಿಯದೆ ಇರುತ್ತದೆಯೆ? ಮುಂದಿನ ಹರಾಜಿಗೆ ಮುನ್ನ ತಂಡದ ಪ್ರತಿನಿಧಿಗಳು ಹರಿಯಾಣಕ್ಕೆ ಹೋಗಲಿ, ಬೇಡ ಎನ್ನುವುದಿಲ್ಲ. ಹೋಗುವ ಮೊದಲು ದಸರಾ ಕ್ರೀಡಾಕೂಟದ ಹೊತ್ತಿನಲ್ಲಿ ಹಾವೇರಿ ಜಿಲ್ಲೆಯ ತಾಲ್ಲೂಕು ಪಂದ್ಯಗಳಿಗೆ ಒಬ್ಬರನ್ನು ಕಳಿಸಲಿ, 65 ಕೆ.ಜಿ. ವಿಭಾಗದ ಟೂರ್ನಿಗಳಲ್ಲಿ ಉತ್ತಮ ಕ್ಯಾಚರ್ ಬಹುಮಾನ ಪಡೆದವರ ಪಟ್ಟಿ ತರಿಸಿಕೊಳ್ಳಲಿ, ಅವರಲ್ಲಿ ನಾಲ್ವರನ್ನು ಒಂದು ತಿಂಗಳು ಮ್ಯಾಟ್ ಮೇಲೆ ಆಡಿಸಿ ನೋಡಲಿ. ಅಂಗಣ ಮಣ್ಣಿನಿಂದ ಮ್ಯಾಟ್‌ಗೆ ಬದಲಾದಾಗ ಕಾಲಿನ ಹಿಡಿತ ಬದಲಾಗುತ್ತದೆ, ಶೂ ಹಾಕಿ ಆಡುವ ರೂಢಿ ಆಗಬೇಕು, ಹಿಡಿಯುವ ಸಮಯದ ಲೆಕ್ಕ ಮತ್ತೆ ಕೂಡಿಸಿಕೊಳ್ಳಬೇಕು. ಅದಕ್ಕೆ ಆ ಒಂದು ತಿಂಗಳು ಬೇಕೇ ಬೇಕು. ನಾಲ್ವರಲ್ಲಿ ಒಬ್ಬ ನಿಂತರೂ ತಂಡಕ್ಕೆ 9 ಲಕ್ಷಕ್ಕೆ ಒಬ್ಬ ಬಲ ಕಾರ್ನರ್ ಸಿಕ್ಕ ಹಾಗೆ, ಉಳಿದ ಮೂವರು ಜಿಲ್ಲಾ ತಂಡಕ್ಕೆ ಮ್ಯಾಟ್‌ನ ಅಭ್ಯಾಸ ಹೊತ್ತು ಮರಳುತ್ತಾರೆ.